ಅಪ್‌ಡೇಟ್ ಬಂದಿತ್ತು, ರೀಸ್ಟಾರ್ಟ್ ಆಗಿರಲಿಲ್ಲ

ನಮ್ಮ ಜೆರಾಕ್ಸ್ ಅಂಗಡಿಯ ಎರಡೂ ಕಂಪ್ಯೂಟರ್‌ಗಳಲ್ಲಿ ಆಗ ಇದ್ದದ್ದು ಉಬುಂಟು 20.04, ವಿಂಡೋಸ್ ಬದಲು ಬಳಸುವ ಒಂದು ಲಿನಕ್ಸ್ ವ್ಯವಸ್ಥೆ. ರಾತ್ರಿ ಬಾಗಿಲು ಹಾಕುವಾಗ ಶಟ್‌ಡೌನ್ ಮಾಡುತ್ತಿರಲಿಲ್ಲ, ಸಸ್ಪೆಂಡ್ ಮಾಡಿ, ಅಂದರೆ ಆರಿಸದೆ ನಿದ್ದೆಗೆ ಹಾಕಿ ಹೋಗುತ್ತಿದ್ದೆ. ಬೆಳಿಗ್ಗೆ ಗಿರಾಕಿ ಬಂದು ನಿಂತರೆ ಕಾಯಿಸುವ ತಾಪತ್ರಯ ಇಲ್ಲವಲ್ಲ ಅಂತ.

2022ರ ಮಾರ್ಚ್ 7ರಂದು ಮ್ಯಾಕ್ಸ್ ಕೆಲ್ಲರ್‌ಮನ್ ಎಂಬ ಪ್ರೋಗ್ರಾಮರ್ ಲಿನಕ್ಸ್‌ನ ಕರ್ನಲ್‌ನಲ್ಲಿ, ಅಂದರೆ ಇಡೀ ವ್ಯವಸ್ಥೆಯನ್ನು ನಡೆಸುವ ತಿರುಳಿನಲ್ಲಿ, ಇದ್ದ ‘ಡರ್ಟಿ ಪೈಪ್’ ಎಂಬ ಭದ್ರತಾ ಲೋಪವನ್ನು ಬಹಿರಂಗಪಡಿಸಿದರು. ಓದಲಷ್ಟೇ ಅನುಮತಿ ಇರುವ ಫೈಲನ್ನೂ ಸಾಮಾನ್ಯ ಬಳಕೆದಾರ ತಿದ್ದಬಹುದು, ಹಾಗೆ ತಿದ್ದಿ ರೂಟ್, ಅಂದರೆ ಕಂಪ್ಯೂಟರಿನ ಸರ್ವಾಧಿಕಾರಿ, ಆಗಿಬಿಡಬಹುದು. ಕೆಲಸದ ಹುಡುಗರಿಗೆ ಬೇರೆ ಅಕೌಂಟ್ ಮಾಡಿಕೊಟ್ಟು ನಿಶ್ಚಿಂತೆಯಿಂದಿದ್ದ ನನಗೆ ಎದೆ ಧಸಕ್ಕೆಂದಿತು. ದುರಸ್ತಿಯಾದ ಕರ್ನಲ್ ಆವೃತ್ತಿಗಳು 5.16.11, 5.15.25, 5.10.102. ಟರ್ಮಿನಲ್‌ನಲ್ಲಿ, ಓಡುತ್ತಿರುವ ಕರ್ನಲ್ ಯಾವುದೆಂದು ಹೇಳುವ ‘ಯುನೇಮ್ -ಆರ್’ ಆಜ್ಞೆ ಹೊಡೆದರೆ ನನ್ನದು 5.13.0-30. ಆ ಪಟ್ಟಿಯಲ್ಲಿ 5.13 ಇಲ್ಲವೇ ಇಲ್ಲ!

ಆಮೇಲೆ ತಿಳಿಯಿತು. ಉಬುಂಟುವಿನವರು ಪ್ರತಿ ಸಲವೂ ಹೊಸ ಕರ್ನಲ್ ಆವೃತ್ತಿಗೆ ಜಿಗಿಯುವುದಿಲ್ಲ. ತಾವು ಕೊಟ್ಟಿರುವ ಆವೃತ್ತಿಗೇ ತೇಪೆ ಹಚ್ಚಿ, ಹೈಫನ್ ಆಚೆಯ ಅಂಕಿ ಏರಿಸುತ್ತಾರೆ. ನನಗೆ ಬೇಕಿದ್ದದ್ದು 5.13.0-35. ಎರಡು ದಿನ ಬಿಟ್ಟು ನೋಡಿದರೆ ಅದು ಬಂದು ಡಿಸ್ಕ್‌ನಲ್ಲಿ ಕೂತಿದೆ! ಭದ್ರತಾ ಅಪ್‌ಡೇಟುಗಳನ್ನು ತಾನೇ ಇಳಿಸಿ ಹಾಕುವ ‘ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್’ ತನ್ನ ಕೆಲಸ ಮುಗಿಸಿತ್ತು. ಓಡುತ್ತಿದ್ದದ್ದು ಮಾತ್ರ ಹಳೆಯ -30. ಸಸ್ಪೆಂಡ್‌ನಿಂದ ಎದ್ದರೆ ಅದೇ ಕರ್ನಲ್ ಮುಂದುವರಿಯುತ್ತದೆ ಅನ್ನುವುದು ನನಗೆ ಹೊಳೆದಿರಲೇ ಇಲ್ಲ.

ರೀಸ್ಟಾರ್ಟ್ ಮಾಡಿದೆ. ಒಂದು ಯಂತ್ರ ಸಲೀಸಾಗಿ ಎದ್ದಿತು. ಇನ್ನೊಂದರಲ್ಲಿ ವೈಫೈ ಮಾಯ. ಅದನ್ನು ನಡೆಸುವ ಡ್ರೈವರ್ ಡಿಕೆಎಂಎಸ್ ಎಂಬ ಸಾಧನದ ಮೂಲಕ ಪ್ರತಿ ಕರ್ನಲ್‌ಗೂ ಹೊಸದಾಗಿ ಕಟ್ಟಿಕೊಳ್ಳುವಂಥದ್ದು. ಹಾಗೆ ಕಟ್ಟಲು ಬೇಕಾದ ಫೈಲುಗಳಿರುವ, ಆಯಾ ಕರ್ನಲ್‌ನ ಹೆಡರ್ ಪ್ಯಾಕೇಜ್ ಅದಕ್ಕೆ ಬೇಕು. ಹಿಂದೊಮ್ಮೆ ಜಾಗ ಉಳಿಸುವ ಜಾಣತನದಲ್ಲಿ ಹೊಸ ಕರ್ನಲ್ ಬಂದಾಗ ಅದರ ಹೆಡರನ್ನೂ ತಾನೇ ತರಿಸುವ ಮೆಟಾ ಪ್ಯಾಕೇಜನ್ನು ನಾನೇ ಕಿತ್ತುಹಾಕಿದ್ದೆ.

ಮತ್ತೆ ರೀಸ್ಟಾರ್ಟ್ ಮಾಡಿ, ಶಿಫ್ಟ್ ಒತ್ತಿ ಹಿಡಿದು, ಯಾವ ಕರ್ನಲ್‌ನಿಂದ ಶುರುಮಾಡಬೇಕೆಂದು ಆರಿಸುವ ಗ್ರಬ್ ಮೆನು ತಂದೆ. ಅದರ ‘ಅಡ್ವಾನ್ಸ್ಡ್ ಆಪ್ಷನ್ಸ್’ನಲ್ಲಿ -30 ಇನ್ನೂ ಇತ್ತು, ಪುಣ್ಯ. ಅದರಿಂದ ಬೂಟ್ ಮಾಡಿದರೆ ವೈಫೈ ಬಂತು. ಮೆಟಾ ಪ್ಯಾಕೇಜ್ ವಾಪಸ್ ಹಾಕಿದ್ದೇ -35ಕ್ಕೂ ಡ್ರೈವರ್ ಕಟ್ಟಿಕೊಂಡಿತು.

ಈಗ ಶನಿವಾರ ರಾತ್ರಿ, ರೀಸ್ಟಾರ್ಟ್ ಬಾಕಿಯಿದ್ದರೆ ಕಾಣಿಸಿಕೊಳ್ಳುವ ‘/ವಾರ್/ರನ್/ರೀಬೂಟ್-ರಿಕ್ವೈರ್ಡ್’ ಫೈಲ್ ಇದೆಯಾ ಅಂತ ನೋಡುತ್ತೇನೆ. ಇದ್ದರೆ ಆಗಲೇ ರೀಸ್ಟಾರ್ಟ್ ಮಾಡಿ, ಒಂದು ಪುಟ ಪ್ರಿಂಟ್ ತೆಗೆದು, ವೈಫೈ ನೋಡಿಕೊಂಡು ಷಟರ್ ಎಳೆಯುತ್ತೇನೆ.