ಗಲ್ಲಾಪೆಟ್ಟಿಗೆಯಿಂದ ಎಂಬಿಎ ಕ್ಲಾಸಿಗೆ

ನಾನು ಹುಟ್ಟಿ ಬೆಳೆದದ್ದು ನೈರೋಬಿಯಲ್ಲಿ. ಅಪ್ಪ ಅಮ್ಮ ಉಡುಪಿ ಕಡೆಯವರು. ಮನೆಯೊಳಗೆ ಕನ್ನಡ, ಗೇಟು ದಾಟಿದರೆ ಸ್ವಾಹಿಲಿ. ಮೊಬೈಲಿನಲ್ಲೇ ಹಣ ಕಳಿಸುವ ಎಂ-ಪೆಸಾ ಕೀನ್ಯಾದಲ್ಲಿ 2007ರಲ್ಲಿ ಶುರುವಾಯಿತು, ಮರುವರ್ಷ ಟಾಂಜಾನಿಯಾಕ್ಕೂ ಬಂತು. ನನಗೆ ಅಲ್ಲಿನ ದಾರ್ ಎಸ್ ಸಲಾಮ್‌ನಲ್ಲಿ, ಜನ ಎಂ-ಪೆಸಾಗೆ ಹಣ ಕಟ್ಟುವ, ತೆಗೆಯುವ ಏಜೆಂಟ್ ಅಂಗಡಿಗಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು.

ಮೊದಲ ವಾರ ಕರಿಯಾಕೋ ಮಾರುಕಟ್ಟೆಯಲ್ಲಿ ಯಾರೂ ಸರಿಯಾಗಿ ಮಾತಾಡಲಿಲ್ಲ. ನೈರೋಬಿಯ ಅಭ್ಯಾಸದಲ್ಲಿ ಹೋದವಳೇ ಲೆಕ್ಕ ಕೇಳುತ್ತಿದ್ದೆ. ಟಾಂಜಾನಿಯಾದಲ್ಲಿ ಹಿರಿಯರಿಗೆ ಮೊದಲು ‘ಶಿಕಾಮೋ’ ಅನ್ನಬೇಕು. ನಮ್ಮಲ್ಲಿ ಕಾಲಿಗೆ ನಮಸ್ಕಾರ ಮಾಡಿದ ಹಾಗೆ. ಅವರು ‘ಮರಹಬಾ’ ಅಂದ ಮೇಲೆ ಮನೆ, ಮಕ್ಕಳ ವಿಚಾರ. ಗಲ್ಲಾಪೆಟ್ಟಿಗೆ ತೆರೆಯುವುದು ಆಮೇಲೆ.

ಏಜೆಂಟ್ ಹತ್ತಿರ ಎರಡು ಥರದ ಹಣ ಇರಬೇಕು. ಗಲ್ಲಾದಲ್ಲಿ ನೋಟು, ಫೋನಿನಲ್ಲಿ ಫ್ಲೋಟ್, ಅಂದರೆ ಎಂ-ಪೆಸಾ ಖಾತೆಯಲ್ಲಿರುವ ಹಣ. ಜನ ಹಣ ಕಟ್ಟಿದರೆ ನೋಟು ಏರುತ್ತದೆ, ಫ್ಲೋಟ್ ಇಳಿಯುತ್ತದೆ. ತೆಗೆದರೆ ಉಲ್ಟಾ. ಯಾವುದು ಮುಗಿದರೂ ಗಿರಾಕಿ ವಾಪಸ್. ಮೂರು ವಾರ ಗಂಟೆಗೊಮ್ಮೆ ಎರಡನ್ನೂ ಬರೆದುಕೊಂಡೆ. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಹಣ ತೆಗೆಯುವವರೇ ಜಾಸ್ತಿ, ಹನ್ನೊಂದಕ್ಕೆಲ್ಲ ಗಲ್ಲಾ ಖಾಲಿ. ನಾಲ್ಕು ಹೆಜ್ಜೆ ಆಚೆ, ಸಗಟು ಅಂಗಡಿಯ ಗಲ್ಲಾ ಮುಚ್ಚಲಾಗದಷ್ಟು ತುಂಬಿರುತ್ತಿತ್ತು, ಫ್ಲೋಟ್ ಸೊನ್ನೆ. ಇಬ್ಬರನ್ನೂ ಮಾತಾಡಿಸಿದೆ. ನೋಟು, ಫ್ಲೋಟ್ ತಮ್ಮತಮ್ಮಲ್ಲೇ ಬದಲಾಯಿಸಿಕೊಂಡರು, ಬ್ಯಾಂಕಿನ ಕ್ಯೂ ತಪ್ಪಿತು.

ಎಂಬಿಎ ಅರ್ಜಿಯ ಪ್ರಬಂಧದಲ್ಲಿ ಮೊದಲು ‘ನಾಯಕತ್ವ’, ‘ಆಫ್ರಿಕಾದ ಭವಿಷ್ಯ’ ಅಂತೆಲ್ಲ ಬರೆದಿದ್ದೆ. ಅದನ್ನು ಯಾರು ಬೇಕಾದರೂ ಬರೆಯಬಹುದಿತ್ತು. ಹರಿದು ಹಾಕಿ, ಈ ಎರಡು ಅಂಗಡಿಗಳ ಕಥೆ ಬರೆದೆ. ಅರ್ಜಿ ಹಾಕುವವರಿಗೆ ನಾನು ಹೇಳುವುದೂ ಇದನ್ನೇ: ನೀವೇ ಕಣ್ಣಾರೆ ಕಂಡದ್ದನ್ನು ಬರೆಯಿರಿ.

ಕೇಪ್‌ಟೌನ್ ವಿಶ್ವವಿದ್ಯಾಲಯದ ಬಿಸಿನೆಸ್ ಸ್ಕೂಲಿನಲ್ಲಿ ಸೀಟು ಸಿಕ್ಕಿತು. ಅದು ಬಂದರಿನ ಪಕ್ಕದ ಹಳೇ ಬ್ರೇಕ್‌ವಾಟರ್ ಜೈಲಿನ ಕಟ್ಟಡ. ಬಂದರು ಕಟ್ಟಲು ದುಡಿದ ಕೈದಿಗಳನ್ನು ಇಟ್ಟಿದ್ದ ಜಾಗ. ಕ್ಲಾಸಿಗೆ ಹೋಗುವಾಗ ಆ ದಪ್ಪ ಗೋಡೆ ಮುಟ್ಟಿಕೊಂಡೇ ಹೋಗುತ್ತಿದ್ದೆ, ನಾನು ಕೂತು ಓದುವ ಜಾಗದಲ್ಲಿ ಯಾರ್ಯಾರು ಎಷ್ಟು ನೊಂದಿದ್ದರೋ ಅನಿಸುತ್ತಿತ್ತು.

ಅಲ್ಲಿ ಒಂದು ದಿನ ವರ್ಕಿಂಗ್ ಕ್ಯಾಪಿಟಲ್, ಅಂದರೆ ದಿನದಿನದ ವ್ಯಾಪಾರ ನಡೆಸಲು ಬೇಕಾದ ಹಣದ ಪಾಠ. ಇದು ಆ ಗಲ್ಲಾ ಮತ್ತು ಫ್ಲೋಟ್ ಅಲ್ವಾ! ಕೈ ಎತ್ತಿ ಹೇಳಿದೆ. ಲಾಗೋಸ್, ಹರಾರೆಯಿಂದ ಬಂದವರು ತಮ್ಮೂರಿನ ಅಂಗಡಿಗಳ ಕಥೆ ಸೇರಿಸಿದರು. ಕೆಲಸ ಮಾಡದೆ ನೇರ ಎಂಬಿಎಗೆ ಹೋಗಿದ್ದರೆ ನನಗದು ಸುಮ್ನೆ ಒಂದು ಸೂತ್ರ ಆಗಿರುತ್ತಿತ್ತು.

ಈಗ ನೈರೋಬಿಯಲ್ಲಿ ಸಣ್ಣ ವ್ಯಾಪಾರಿಗಳಿಗೆ ಸಾಲ ಕೊಡುವ ತಂಡ ನಡೆಸುತ್ತಿದ್ದೇನೆ. ಹೊಸದಾಗಿ ಸೇರಿದವರಿಗೆ ಮೊದಲ ಮೂರು ವಾರ ಲ್ಯಾಪ್‌ಟಾಪ್ ಕೊಡುವುದಿಲ್ಲ. ಒಂದು ನೋಟ್‌ಬುಕ್ ಕೊಟ್ಟು ಅಂಗಡಿಗೆ ಕಳಿಸುತ್ತೇನೆ.