ಸ್ಕ್ರೂ ತಲೆ ಮಟ್ಟಸವಾಗಿ ಕೂರಬೇಕಾ? ಮರಕ್ಕೆ, ಲೋಹಕ್ಕೆ ಕೌಂಟರ್‌ಸಿಂಕ್ ಬಿಟ್ ಆರಿಸುವ ಬಗೆ

ಹಾರ್ಡ್‌ವೇರ್ ಅಂಗಡಿಗೆ ಹೋಗಿ "ಒಂದು ಕೌಂಟರ್‌ಸಿಂಕ್ ಬಿಟ್ ಕೊಡಿ" ಅಂದರೆ ಹೆಚ್ಚಿನ ಕಡೆ ಡಬ್ಬಿಯಲ್ಲಿ ಕೈಗೆ ಸಿಕ್ಕಿದ್ದನ್ನು ಎತ್ತಿ ಕೊಡುತ್ತಾರೆ. ಸ್ಕ್ರೂ ತಲೆ ಮಟ್ಟಸವಾಗಿ ಕೂರಲು ತೂತಿನ ಬಾಯಿಯಲ್ಲಿ ಇಳಿಜಾರು ಗುಳಿ ಮಾಡುವ ಬಿಟ್ ಅದು. ನಾವೂ ಸೈಜ್ ಒಂದನ್ನು ನೋಡಿ ತಂದುಬಿಡುತ್ತೇವೆ. ಸೈಜ್ ಆಮೇಲಿನ ಮಾತು. ಮೊದಲು ನೋಡಬೇಕಾದದ್ದು ಕೋನ, ಆ ಕೋನವನ್ನು ಹೇಳುವುದು ನೀವು ಹಾಕಲಿರುವ ಸ್ಕ್ರೂ. ಅದಕ್ಕೇ ಅಂಗಡಿಗೆ ಹೋಗುವಾಗ ನಾಲ್ಕು ಸ್ಕ್ರೂ ಜೇಬಲ್ಲಿ ಹಾಕಿಕೊಂಡು ಹೋಗಿ.

ನಮ್ಮಲ್ಲಿ ಸಿಗುವ ಮೆಟ್ರಿಕ್ ಸಿಎಸ್‌ಕೆ (ತಲೆಯ ಕೆಳಗೆ ಇಳಿಜಾರಿರುವ, ಗುಳಿಯಲ್ಲಿ ಕೂರುವ) ಸ್ಕ್ರೂಗಳು, ಅಂದರೆ ಎಂ4, ಎಂ5, ಎಂ6 ಅಂತ ಕೇಳಿ ತರುವವು, ತಲೆಯ ಕೆಳಗೆ 90 ಡಿಗ್ರಿ ಕೋನದಲ್ಲಿರುತ್ತವೆ. ಅಲೆನ್ ಕೀ ಹಾಕುವ ಸಿಎಸ್‌ಕೆ ಕೂಡ ಅಷ್ಟೇ. ಅಮೆರಿಕದ ಇಂಚು ಅಳತೆಯ ಸ್ಕ್ರೂಗಳದು 82 ಡಿಗ್ರಿ. ವಿಮಾನದ ರಿವೆಟ್‌ಗಳದು 100. 60 ಡಿಗ್ರಿ ಇರುವುದು ಲೇತ್ ಸೆಂಟರ್ ಕೂರಿಸುವ ತೂತಿಗೆ, ಅದನ್ನು ಸ್ಕ್ರೂಗೆ ಬಳಸಬೇಡಿ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಐದು ಪೀಸಿನ ಸೆಟ್‌ಗಳಲ್ಲಿ ಕೆಲವು ಅಮೆರಿಕದ ಅಳತೆಗೆ ಮಾಡಿದ 82 ಡಿಗ್ರಿಯವು, ಇದು ಎಲ್ಲೋ ಸಣ್ಣಕ್ಷರದಲ್ಲಿ ಇರುತ್ತದೆ ಇಲ್ಲವೇ ಬರೆದೇ ಇರುವುದಿಲ್ಲ.

ಎಂಟು ಡಿಗ್ರಿ ಅಂದರೆ ಏನು ಮಹಾ ಅನಿಸಬಹುದು. ಮರದಲ್ಲಿ ನಿಜವಾಗಿಯೂ ಏನೂ ಆಗುವುದಿಲ್ಲ, ಸ್ಕ್ರೂ ಬಿಗಿಯಾಗುತ್ತಾ ಹೋದಂತೆ ತಲೆ ಮರವನ್ನು ಒತ್ತಿ ತನ್ನ ಜಾಗ ತಾನೇ ಮಾಡಿಕೊಳ್ಳುತ್ತದೆ. ಲೋಹ ಹಾಗೆ ಬಗ್ಗುವುದಿಲ್ಲ. 82ರ ಗುಳಿಯಲ್ಲಿ 90ರ ತಲೆ ಹಾಕಿದರೆ ಅಂಚಿನಲ್ಲಿ ಒಂದು ತೆಳು ಗೆರೆಯಷ್ಟೇ ತಾಗುತ್ತದೆ, ಕೆಳಗೆಲ್ಲ ಖಾಲಿ. ತಿರುಗಾ ಮುರುಗಾ ಮಾಡಿದರೆ ಕತ್ತಿನ ಹತ್ತಿರ ಮಾತ್ರ ತಾಗಿ ಮೇಲೆ ಸಂದು ಕಾಣುತ್ತದೆ. ಎರಡರಲ್ಲೂ ಸ್ಕ್ರೂ ಬಿಗಿಯಾದ ಹಾಗೆ ಅನಿಸುತ್ತದೆ, ಆದರೆ ಮೆಷಿನ್ ನಾಲ್ಕು ದಿನ ಅದುರಿದ ಮೇಲೆ ಸಡಿಲ ಬೀಳುತ್ತದೆ.

ಸ್ಕ್ರೂ ತಲೆ 90 ಹೌದೋ ಅಲ್ಲವೋ ಅಂತ ನೋಡುವುದು ಸುಲಭ. ಒಂದು ಸ್ಕ್ರೂವಿನ ತಲೆಯನ್ನು ಬುಡದಲ್ಲೇ ಕತ್ತರಿಸಿ ತೆಗೆಯಿರಿ, ಕಾಲು ಇದ್ದರೆ ಮೂಲೆಗೆ ಅಡ್ಡ ಬರುತ್ತದೆ. ಬಡಗಿಗಳ ಮೂಲೆಮಟ್ಟ ಇದೆಯಲ್ಲ, ಅದರ ಒಳಮೂಲೆಯಲ್ಲಿ ತಲೆಯ ಇಳಿಜಾರನ್ನು ಇಟ್ಟು ಬೆಳಕಿಗೆ ಹಿಡಿಯಿರಿ. ಎರಡೂ ಕಡೆ ಬೆಳಕು ನುಸುಳದಿದ್ದರೆ 90. ಬಿಟ್ಟಿಗೆ ಈ ಉಪಾಯ ಅಷ್ಟು ಚೆನ್ನಾಗಿ ನಡೆಯುವುದಿಲ್ಲ, ಯಾಕೆಂದರೆ ಮೂರು ಅಲಗಿನ ಬಿಟ್‌ನಲ್ಲಿ ಅಲಗುಗಳು ಎದುರುಬದುರು ಇರುವುದಿಲ್ಲ. ಅದಕ್ಕೆ ಒಂದು ಅಲ್ಯೂಮಿನಿಯಂ ತುಂಡಿನಲ್ಲಿ ತೂತು ಮಾಡಿ ಕೌಂಟರ್ ಹೊಡೆಯಿರಿ. ಸ್ಕ್ರೂ ತಲೆಯ ಇಳಿಜಾರಿಗೆ ಮಾರ್ಕರ್ ಪೆನ್ನಿನ ಮಸಿ ಬಳಿದು, ಒಣಗಿದ ಮೇಲೆ ಗುಳಿಯಲ್ಲಿ ಇಟ್ಟು ಒತ್ತಿ ಅರ್ಧ ಸುತ್ತು ತಿರುಗಿಸಿ ತೆಗೆಯಿರಿ. ಮಸಿ ಇಡೀ ಇಳಿಜಾರಿನಲ್ಲಿ ಸಮನಾಗಿ ಉಜ್ಜಿದ್ದರೆ ಜೋಡಿ ಸರಿ ಇದೆ. ಅಂಚಿನಲ್ಲಿ ಮಾತ್ರ ಉಜ್ಜಿ ಕತ್ತಿನ ಹತ್ತಿರ ಕಪ್ಪು ಹಾಗೇ ಉಳಿದಿದ್ದರೆ ನಿಮ್ಮ ಬಿಟ್ 82ರದು.

ಇನ್ನು ಅಲಗಿನ ಲೆಕ್ಕ. ಕಬ್ಬಿಣಕ್ಕೆ ಕೌಂಟರ್ ಹೊಡೆದಾಗ ಗುಳಿ ದುಂಡಗಾಗದೆ ಹೂವಿನ ಎಸಳಿನ ಹಾಗೆ ಏರುತಗ್ಗು ಬಂದಿರುವುದನ್ನು ನೋಡಿರುತ್ತೀರಿ, ಕೆಲಸದವರು ಅದನ್ನೇ ಚಾಟರ್ ಅನ್ನುವುದು. ಬಿಟ್ ಕತ್ತರಿಸುವ ಬದಲು ಕುಣಿಯುತ್ತಿದೆ ಅಂತ ಅರ್ಥ. ಐದಾರು ಅಲಗಿನ, ಗುಲಾಬಿ ಮೊಗ್ಗಿನಂತೆ ಕಾಣುವ ಅಗ್ಗದ ಬಿಟ್‌ಗಳು ಕೈ ಡ್ರಿಲ್‌ನಲ್ಲಿ ಬೇಗ ಕುಣಿಯುತ್ತವೆ. ಅಲಗು ಜಾಸ್ತಿ ಇದ್ದಷ್ಟೂ ಒಂದೊಂದು ಅಲಗಿಗೆ ಸಿಗುವ ಒತ್ತಡ ಕಡಿಮೆ, ಆಗ ಅದು ಕಚ್ಚದೆ ಸುಮ್ನೆ ಉಜ್ಜುತ್ತದೆ. ಲೋಹಕ್ಕೆ ಮೂರು ಅಲಗಿನ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್ ತಗೊಳ್ಳಿ. ಜರ್ಮನ್ ಅಳತೆಯಲ್ಲಿ ಇದನ್ನು ಡಿಐಎನ್ 335 ಸಿ ಅನ್ನುತ್ತಾರೆ, ಒಳ್ಳೆಯ ಟೂಲ್ ಅಂಗಡಿಯಲ್ಲಿ ಈ ನಂಬರ್ ಹೇಳಿದರೆ ಅವರಿಗೆ ಗೊತ್ತಾಗುತ್ತದೆ. ಒಂದೇ ಅಲಗಿನದೂ ಚೆನ್ನಾಗಿ ಕತ್ತರಿಸುತ್ತದೆ, ನಿಧಾನ ಅಷ್ಟೇ.

ಇನ್ನೊಂದು ಜಾತಿ ಇದೆ. ಅದರ ಚೂಪು ಮೂತಿಯಲ್ಲಿ ಅಲಗೇ ಇರುವುದಿಲ್ಲ, ಅಡ್ಡವಾಗಿ ಓರೆಯಲ್ಲಿ ಒಂದು ತೂತು ಮಾತ್ರ, ಆ ತೂತಿನ ಅಂಚೇ ಕತ್ತರಿಸುವುದು, ಸಿವುರು ತೂತಿನ ಒಳಗಿಂದ ಹಾದು ಹೊರಗೆ ಬರುತ್ತದೆ. ಕೈ ಡ್ರಿಲ್ ಮಾತ್ರ ಇರುವವರಿಗೆ ನನ್ನ ಮೊದಲ ಆಯ್ಕೆ ಇದೇ. ಕುಣಿಯುವುದು ಬಹಳ ಕಡಿಮೆ, ಹಿತ್ತಾಳೆಯಲ್ಲಿ ಸಿಕ್ಕಿಕೊಂಡು ಎಳೆಯುವುದೂ ಕಡಿಮೆ, ಅಲ್ಯೂಮಿನಿಯಂ, ಪ್ಲಾಸ್ಟಿಕ್, ಮೆತ್ತನೆ ಮರ ಎಲ್ಲಕ್ಕೂ ನಡೆಯುತ್ತದೆ. ಒಂದೇ ತೊಂದರೆ, ಮೊಂಡಾದರೆ ಮನೆಯಲ್ಲಿ ಸಾಣೆ ಹಿಡಿಯುವುದು ಕಷ್ಟ. ಮತ್ತೆ ಅದರ ಮೂಗು ಒಳಗೆ ಇಳಿಯುವಷ್ಟು ತೂತು ಮೊದಲೇ ಇರಬೇಕು.

ಎಂಥ ಬಿಟ್ ತಂದರೂ ಸ್ಪೀಡ್ ತಪ್ಪಿದರೆ ಕಾಸು ನೀರುಪಾಲು. ಸಾಮಾನ್ಯ 10 ಎಂಎಂ ಕೈ ಡ್ರಿಲ್ ಟ್ರಿಗರ್ ಪೂರ್ತಿ ಒತ್ತಿದರೆ 2500 ಆರ್‌ಪಿಎಂ ಆಚೀಚೆ ತಿರುಗುತ್ತದೆ. ಮೈಲ್ಡ್ ಸ್ಟೀಲ್‌ಗೆ 12 ಎಂಎಂ ಎಚ್‌ಎಸ್‌ಎಸ್ ಬಿಟ್‌ಗೆ ಬೇಕಾದದ್ದು ಸುಮಾರು 300. ಸ್ಟೇನ್‌ಲೆಸ್‌ಗೆ ಅದರ ಅರ್ಧ. ಅಲ್ಯೂಮಿನಿಯಂಗೆ ಮೂರು ಪಟ್ಟು ಏರಿಸಬಹುದು. ಕಾರ್ಡ್‌ಲೆಸ್ ಡ್ರಿಲ್ ಇದ್ದರೆ ಗೇರ್ 1ಕ್ಕೆ ಹಾಕಿ, ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಮೆಲ್ಲಗೆ ತಿರುಗಲಿ, ಜೋರಾಗಿ ಒತ್ತಲಿ. ಹೆದರಿ ಹಗುರವಾಗಿ ಹಿಡಿದರೇ ಚಾಟರ್ ಬರುವುದು. ಸ್ಟೇನ್‌ಲೆಸ್‌ನಲ್ಲಿ ಇದು ಇನ್ನೂ ಮುಖ್ಯ, 304 ಅನ್ನುವ ಸಾಮಾನ್ಯ ಸ್ಟೇನ್‌ಲೆಸ್ ಪ್ಲೇಟಿನ ಮೇಲೆ ಬಿಟ್ ಉಜ್ಜುತ್ತಾ ನಿಂತರೆ ಮೇಲ್ಮೈ ಗಡುಸಾಗಿಬಿಡುತ್ತದೆ, ಆಮೇಲೆ ಅದೇ ಬಿಟ್ಟಿಗೆ ಅದನ್ನು ಕೊರೆಯಲು ಆಗುವುದಿಲ್ಲ. ಸಿವುರು ಸುರುಳಿಯಾಗಿ ಬರುತ್ತಿದ್ದರೆ ಸರಿ, ಪುಡಿ ಬರುತ್ತಾ ಕಿರ್ ಅನ್ನುತ್ತಿದ್ದರೆ ನಿಲ್ಲಿಸಿ. ಎರಡು ಹನಿ ಕಟಿಂಗ್ ಆಯಿಲ್ ಬಿಡಿ, ಅಲ್ಯೂಮಿನಿಯಂಗೆ ಸೀಮೆಎಣ್ಣೆ ಸಾಕು. ಕೆಲಸದ ತುಂಡನ್ನು ವೈಸ್‌ಗೆ ಕಟ್ಟಿ, ಕೈಯಲ್ಲಿ ಹಿಡಿಯಬೇಡಿ, ಕನ್ನಡಕ ಹಾಕಿಕೊಳ್ಳಿ, ಗ್ಲೌಸ್ ಬೇಡ.

ಈಗ ಸೈಜ್. ಅಲೆನ್ ಸಿಎಸ್‌ಕೆ ತಲೆಯ ವ್ಯಾಸ ಹೆಚ್ಚುಕಡಿಮೆ ಸ್ಕ್ರೂವಿನ ಎರಡರಷ್ಟು: ಎಂ4ಕ್ಕೆ 8 ಎಂಎಂ, ಎಂ6ಕ್ಕೆ 12, ಎಂ8ಕ್ಕೆ 16. ಬಿಟ್ ಅದಕ್ಕಿಂತ ದೊಡ್ಡದಿರಬೇಕು. ಎಂ6ಕ್ಕೆ ಅಂತ ಕೊಡುವ 12.4ರ ಬಿಟ್ ಸಾಕಾಗುತ್ತದೆ, ಆದರೆ ತಲೆ ಸ್ವಲ್ಪ ಒಳಕ್ಕೆ ಹೋಗಬೇಕೆಂದರೆ ಅಂಚಿನಲ್ಲೇ ಮುಗಿದುಹೋಗುತ್ತದೆ. ಒಂದೇ ಬಿಟ್ ತಗೊಳ್ಳುವವರಿದ್ದರೆ 16.5ರದು ತಗೊಳ್ಳಿ, ಎಂ4ರಿಂದ ಎಂ8ರವರೆಗೆ ಅದೊಂದೇ ಸಾಕು. 90 ಡಿಗ್ರಿಯಲ್ಲಿ ಆಳದ ಲೆಕ್ಕವೂ ಸುಲಭ: ಬಿಟ್ 1 ಎಂಎಂ ಇಳಿದರೆ ಗುಳಿಯ ವ್ಯಾಸ 2 ಎಂಎಂ ಹಿಗ್ಗುತ್ತದೆ. ಅದಕ್ಕೇ ಆಳ ಅಳೆಯುವ ಗೋಜಿಗೆ ಹೋಗದೆ ವರ್ನಿಯರ್‌ನಲ್ಲಿ ಗುಳಿಯ ಬಾಯಿ ಅಳೆದರೆ ಆಯಿತು. ತೂತು ಕೊರೆದ ಮೇಲೆ ತುಂಡನ್ನು ಅಲುಗಿಸದೆ ಅಲ್ಲೇ ಬಿಟ್ ಬದಲಾಯಿಸಿ ಕೌಂಟರ್ ಹೊಡೆದರೆ ಎರಡೂ ಒಂದೇ ನೇರದಲ್ಲಿ ಬರುತ್ತವೆ.

ತೆಳು ಶೀಟಿನಲ್ಲಿ ಮಾತ್ರ ಹುಷಾರು. ಎಂ4 ಅಲೆನ್ ಸಿಎಸ್‌ಕೆ ತಲೆಯ ಎತ್ತರವೇ 2.3 ಎಂಎಂ. 2 ಎಂಎಂ ಶೀಟಿಗೆ ಹೊಡೆದರೆ ಗುಳಿ ಶೀಟನ್ನೇ ದಾಟಿ ಕೆಳಗಿನ ತೂತನ್ನು ಅಗಲ ಮಾಡುತ್ತದೆ, ಅಂಚು ಬ್ಲೇಡಿನಷ್ಟು ಚೂಪಾಗಿ ಉಳಿಯುತ್ತದೆ. ಗುಳಿ ಶೀಟಿನ ದಪ್ಪದ ಮೂರನೇ ಎರಡು ಭಾಗ ಮೀರದಿರಲಿ. ಮೀರುತ್ತದೆ ಅಂತಾದರೆ ಬಿಟ್ ಹುಡುಕುವುದನ್ನು ಬಿಟ್ಟು, ತಲೆ ಮೇಲೆಯೇ ಕೂರುವ ಪ್ಯಾನ್ ಹೆಡ್ ಸ್ಕ್ರೂ ಹಾಕಿ.

ಮರಕ್ಕೆ ಬರೋಣ. ಇಲ್ಲಿ ಐದು ಅಲಗಿನದೂ ನಡೆಯುತ್ತದೆ, ಚಾಟರ್ ಬಂದರೂ ತಲೆ ಅದನ್ನು ಮುಚ್ಚಿಬಿಡುತ್ತದೆ. ಒಂದೇ ಸಲಕ್ಕೆ ಪೈಲಟ್ ತೂತು (ಸ್ಕ್ರೂ ಇಳಿಯಲು ಮೊದಲೇ ಕೊರೆಯುವ ಸಣ್ಣ ತೂತು), ಗುಳಿ ಎರಡೂ ಮಾಡುವ ಜೋಡಿ ಬಿಟ್ ಇದೆ, ನಡುವೆ ಡ್ರಿಲ್, ಸುತ್ತ ಕಟರ್, ಪಕ್ಕದಲ್ಲಿ ಸಣ್ಣ ಅಲೆನ್ ಸ್ಕ್ರೂ. ವಾರ್ಡ್‌ರೋಬ್, ಕಿಚನ್ ಕೆಲಸದಲ್ಲಿ ನೂರಾರು ಸ್ಕ್ರೂ ಹಾಕುವವರಿಗೆ ಅದು ಬೇಕೇ ಬೇಕು, ಬೇಕಾದಷ್ಟೇ ಆಳಕ್ಕೆ ನಿಲ್ಲಿಸುವ ಡೆಪ್ತ್ ಸ್ಟಾಪ್ ಇರುವುದೇ ನೋಡಿ ತಗೊಳ್ಳಿ. ಆ ಅಲೆನ್ ಸ್ಕ್ರೂ ಆಗಾಗ ಬಿಗಿ ಮಾಡುತ್ತಿರಿ, ಸಡಿಲಾದರೆ ಡ್ರಿಲ್ ಒಳಕ್ಕೆ ಜಾರುತ್ತದೆ. ಸಾಗುವಾನಿ, ಹೊನ್ನೆಯಂಥ ಗಟ್ಟಿ ಮರದಲ್ಲಿ ಸಿವುರು ಕಟ್ಟಿಕೊಂಡು ಸುಡುತ್ತದೆ, ನಡುನಡುವೆ ಹೊರಗೆ ಎಳೆಯಬೇಕು. 4 ಎಂಎಂ ಸ್ಕ್ರೂಗೆ ಇಂಥ ಮರದಲ್ಲಿ ಪೈಲಟ್ ತೂತು 3 ಎಂಎಂ ಇರಲಿ, ಮೆತ್ತನೆಯದರಲ್ಲಿ 2.5 ಸಾಕು.

ಲ್ಯಾಮಿನೇಟ್ ಅಂಟಿಸಿದ ಪ್ಲೈವುಡ್ ಆದರೆ ಡ್ರಿಲ್ಲನ್ನು ರಿವರ್ಸ್‌ಗೆ ಹಾಕಿ ಬಿಟ್ಟನ್ನು ಎರಡು ಮೂರು ಸುತ್ತು ಹಿಂದಕ್ಕೆ ತಿರುಗಿಸಿ, ಆಮೇಲೆ ಮುಂದಕ್ಕೆ. ಮೊದಲೇ ಸುತ್ತ ಗೀರು ಬೀಳುವುದರಿಂದ ಅಂಚು ಚಕ್ಕೆ ಎದ್ದು ಬರುವುದಿಲ್ಲ. ಇನ್ನು ನಮ್ಮ ಕಾರ್ಪೆಂಟರ್‌ಗಳು ಎಲ್ಲದಕ್ಕೂ ಹಾಕುವ ಆ ಕಪ್ಪು ಜಿಪ್ಸಮ್ ಸ್ಕ್ರೂ. ಅದರ ತಲೆಯ ಕೆಳಭಾಗ ನೇರ ಇಳಿಜಾರಲ್ಲ, ತುತ್ತೂರಿ ಬಾಯಿಯಂತೆ ಬಾಗಿರುತ್ತದೆ, ಯಾವ ಕೌಂಟರ್‌ಸಿಂಕ್‌ಗೂ ಸರಿಯಾಗಿ ಕೂರುವುದಿಲ್ಲ. ಹಿಂಜ್‌ಗಳಿಗಂತೂ ಅದನ್ನು ಹಾಕಿಸಬೇಡಿ. ಹಿತ್ತಾಳೆ ಹಿಂಜ್‌ಗೆ ಹಿತ್ತಾಳೆ ಸ್ಕ್ರೂವೇ ಬೇಕು ಅಂದರೆ, ಅದೇ ಸೈಜಿನ ಸ್ಟೀಲ್ ಸ್ಕ್ರೂ ಒಂದನ್ನು ಮೊದಲು ಹಾಕಿ ತೆಗೆದು, ಆ ಜಾಡಿನಲ್ಲಿ ಹಿತ್ತಾಳೆಯದನ್ನು ಕೈ ಸ್ಕ್ರೂಡ್ರೈವರ್‌ನಿಂದಲೇ ತಿರುಗಿಸಿ. ಮೆಷಿನ್ ಹಾಕಿದರೆ ಕತ್ತಿನ ಹತ್ತಿರ ಟಕ್ಕಂತ ಮುರಿಯುತ್ತದೆ.

ಕೊನೆಗೆ ಕಾಸಿನ ವಿಷಯ. ಕಾರ್ಬನ್ ಸ್ಟೀಲ್ ಬಿಟ್ ಮರಕ್ಕೆ ಸಾಕು, ಆದರೆ ಅದನ್ನು ಒಂದು ಸಲ ಕಬ್ಬಿಣಕ್ಕೆ ತಾಗಿಸಿದರೆ ಮುಗಿಯಿತು ಅದರ ಕಥೆ. ಚಿನ್ನದ ಬಣ್ಣ ನೋಡಿ ಮರುಳಾಗಬೇಡಿ, ಒಳ್ಳೆ ಕಂಪನಿಯ ಟೈಟೇನಿಯಂ ಲೇಪ ಬಾಳಿಕೆ ಕೊಡುತ್ತದೆ ನಿಜ, ಆದರೆ ಅಗ್ಗದ ಬಿಟ್ ಮೇಲೆ ಅದು ಬರೀ ಬಣ್ಣ. ಸ್ಟೇನ್‌ಲೆಸ್ ಕೆಲಸ ದಿನಾ ಇದ್ದವರು ಮಾತ್ರ ಕೋಬಾಲ್ಟ್‌ಗೆ ದುಡ್ಡು ಹಾಕಲಿ. ಬೆಂಗಳೂರಿನವರು ಪೀಣ್ಯದ ಟೂಲ್ ಅಂಗಡಿಗಳಲ್ಲಿ ಕೇಳಿ, ಬಿಡಿಯಾಗಿಯೂ ಕೊಡುತ್ತಾರೆ. ಕೊಳ್ಳುವಾಗ ಅಲಗನ್ನು ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ ಇಟ್ಟು ನೋಡಿ. ಕಚ್ಚಿ ನಿಂತರೆ ತಗೊಳ್ಳಿ, ಜಾರಿದರೆ ವಾಪಸ್ ಡಬ್ಬಿಗೇ ಹಾಕಿಬಿಡಿ.