ನೆಲೆ ತಪ್ಪಿದ ವಿದ್ಯಾರ್ಥಿಯ ಓದು ನಿಲ್ಲದಂತೆ ನೋಡಿಕೊಳ್ಳುವುದು ಹೇಗೆ?

ಯುದ್ಧದಿಂದಲೋ ಜನಾಂಗೀಯ ಹಿಂಸೆಯಿಂದಲೋ ಊರು ತೊರೆದು ಬಂದ ವಿದ್ಯಾರ್ಥಿಯನ್ನು ಕಂಡಾಗ, ಮೊದಲು ಮನಸ್ಸು ತಿಳಿಯಾಗಲಿ, ಓದಿನ ಮಾತು ಆಮೇಲೆ ಎಂದು ಅಧ್ಯಾಪಕರಿಗೆ ಅನ್ನಿಸುವುದು ಸಹಜ. ಸದುದ್ದೇಶದಿಂದಲೇ ಬರುವ ಈ ಸಲಹೆಯನ್ನು ನಾನು ಒಪ್ಪಲಾರೆ. ಮನೆ, ಬಂಧುಬಳಗ, ಮುಂದಿನ ದಾರಿ ಎಲ್ಲವೂ ಕೈತಪ್ಪಿದವರಿಗೆ ನಿತ್ಯದ ವೇಳಾಪಟ್ಟಿ, ಹೆಸರು ಹಿಡಿದು ಕರೆಯುವ ಸಹಪಾಠಿಗಳು, ಮುಗಿಸಬೇಕಾದ ಒಂದು ಕೆಲಸ ಇವು ಚೇತರಿಕೆಗೇ ಆಸರೆ. ನಿರಾಶ್ರಿತ ಯುವಜನರಲ್ಲಿ ಶೇ 15ರಷ್ಟು ಮಂದಿಯಾದರೂ 2030ರೊಳಗೆ ಉನ್ನತ ಶಿಕ್ಷಣಕ್ಕೆ ಸೇರಬೇಕೆಂಬುದು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಗುರಿ. 2023ರ ಹೊತ್ತಿಗೂ ಆ ಪ್ರಮಾಣ ಶೇ 7ರ ಆಸುಪಾಸಿನಲ್ಲಿತ್ತು. ಇಷ್ಟು ಕಷ್ಟಪಟ್ಟು ತರಗತಿಯವರೆಗೆ ಬಂದವರು ಅಲ್ಲಿಂದ ಹಿಂದಿರುಗದಂತೆ ನೋಡಿಕೊಳ್ಳುವುದು ವಿಭಾಗದ ಹೊಣೆ.

ಮೊದಲು ದಾಖಲೆಗಳ ಪ್ರಶ್ನೆಯನ್ನು ಕೈಗೆತ್ತಿಕೊಳ್ಳಿ, ಏಕೆಂದರೆ ಆತಂಕದ ದೊಡ್ಡ ಪಾಲು ಅಲ್ಲಿಯೇ ಇರುತ್ತದೆ. ಅಂಕಪಟ್ಟಿ ಸುಟ್ಟುಹೋಗಿರಬಹುದು, ಇದ್ದರೂ ಒಂದು ಪತ್ರದಲ್ಲಿರುವ ಹೆಸರಿನ ಕಾಗುಣಿತ ಇನ್ನೊಂದರಲ್ಲಿ ಬೇರೆಯಾಗಿರಬಹುದು. ಮೂಲ ದಾಖಲೆ ಇಲ್ಲವೆಂಬ ಒಂದೇ ಕಾರಣಕ್ಕೆ ಅರ್ಜಿಯನ್ನು ತಿರಸ್ಕರಿಸಬೇಕಿಲ್ಲ. ಉನ್ನತ ಶಿಕ್ಷಣದ ಅರ್ಹತೆಗಳಿಗೆ ಪರಸ್ಪರ ಮಾನ್ಯತೆ ನೀಡುವುದರ ಕುರಿತ 1997ರ ಲಿಸ್ಬನ್ ಒಪ್ಪಂದದ ಏಳನೆಯ ವಿಧಿಯು, ದಾಖಲೆ ಒದಗಿಸಲಾಗದ ನಿರಾಶ್ರಿತರ ಅರ್ಹತೆಯನ್ನು ನ್ಯಾಯಯುತವಾಗಿ ಅಳೆಯುವ ವ್ಯವಸ್ಥೆಯನ್ನು ಸದಸ್ಯ ರಾಷ್ಟ್ರಗಳು ರೂಪಿಸಬೇಕೆಂದು ಹೇಳುತ್ತದೆ. ಕೌನ್ಸಿಲ್ ಆಫ್ ಯುರೋಪ್ 2017ರಲ್ಲಿ ಆರಂಭಿಸಿದ ಅರ್ಹತಾ ಪಾಸ್‌ಪೋರ್ಟ್ ಇಂಥದ್ದೇ ವ್ಯವಸ್ಥೆ: ಅಭ್ಯರ್ಥಿ ತುಂಬಿದ ಪ್ರಶ್ನಾವಳಿ, ಉಳಿದಿರುವ ಕಾಗದಪತ್ರ ಮತ್ತು ಅರ್ಹತೆ ಅಳೆಯುವ ತಜ್ಞರ ಸಂದರ್ಶನ ಇವುಗಳ ಆಧಾರದ ಮೇಲೆ ಅದನ್ನು ನೀಡಲಾಗುತ್ತದೆ. ಅದು ಪ್ರವೇಶದ ಖಾತರಿಯಲ್ಲ, ಆದರೆ ಪ್ರವೇಶ ಸಮಿತಿಗೆ ನಂಬಬಹುದಾದ ಆಧಾರ. ಅಂಥ ಸೌಲಭ್ಯವಿಲ್ಲದ ಕಡೆಗಳಲ್ಲಿ ವಿಭಾಗವೇ ಈ ಕ್ರಮವನ್ನು ಸಣ್ಣ ಪ್ರಮಾಣದಲ್ಲಿ ಅನುಸರಿಸಬಹುದು. ರಸಾಯನಶಾಸ್ತ್ರ ಓದಿದವರನ್ನು ಕೂರಿಸಿಕೊಂಡು, ಎರಡನೆಯ ವರ್ಷದ ಪ್ರಯೋಗಾಲಯದಲ್ಲಿ ಏನೇನು ಮಾಡಿದಿರಿ, ಟೈಟ್ರೇಷನ್‌ನಲ್ಲಿ ಯಾವ ಸೂಚಕ ಬಳಸಿದಿರಿ, ಫಲಿತಾಂಶವನ್ನು ಹೇಗೆ ಬರೆದಿಡುತ್ತಿದ್ದಿರಿ ಎಂದು ಕೇಳಿದರೆ, ಅವರು ನಿಜವಾಗಿ ಎಲ್ಲಿಯವರೆಗೆ ಓದಿದ್ದಾರೆಂಬುದು ಬಹುಮಟ್ಟಿಗೆ ತಿಳಿಯುತ್ತದೆ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ವಿದ್ಯಾರ್ಥಿಯ ಲಿಖಿತ ಒಪ್ಪಿಗೆಯಿಲ್ಲದೆ ಅವರು ಹಿಂದೆ ಓದಿದ ವಿಶ್ವವಿದ್ಯಾಲಯಕ್ಕಾಗಲಿ ಅವರ ದೇಶದ ರಾಯಭಾರ ಕಚೇರಿಗಾಗಲಿ ಪತ್ರ ಬರೆಯಬೇಡಿ. ದಮನಕ್ಕೆ ಹೆದರಿ ಓಡಿಬಂದವರ ವಿಳಾಸ ಹೊರಬಿದ್ದರೆ ಅಲ್ಲಿ ಉಳಿದಿರುವ ಕುಟುಂಬದ ಜೀವಕ್ಕೆ ಅಪಾಯ ಬರಬಹುದು.

ಇನ್ನು ತರಗತಿಯ ವಿಷಯ. ನಿದ್ರೆಗೆಟ್ಟ ರಾತ್ರಿಗಳು ಮತ್ತು ಬಿಡದ ಚಿಂತೆ ಏಕಾಗ್ರತೆಯನ್ನೂ ನೆನಪನ್ನೂ ನೇರವಾಗಿ ಕುಗ್ಗಿಸುತ್ತವೆ. ಹೊರಗಿನಿಂದ ನೋಡುವವರಿಗೆ ಅದು ಸೋಮಾರಿತನದಂತೆ ಕಾಣುತ್ತದೆ. ಹಿಂದಿನ ಸಾಲಿನಲ್ಲಿ ಫೋನನ್ನು ಮೇಜಿನ ಮೇಲಿಟ್ಟುಕೊಂಡು ಪದೇ ಪದೇ ಅದರತ್ತ ಕಣ್ಣು ಹಾಯಿಸುವ ವಿದ್ಯಾರ್ಥಿನಿ, ಊರಿನಲ್ಲಿರುವ ತಮ್ಮನ ಸಂದೇಶಕ್ಕಾಗಿ ಕಾಯುತ್ತಿರಬಹುದು. ಗದರಿಸುವ ಬದಲು, ಕರೆ ಬಂದರೆ ಎದ್ದು ಹೋಗಬಹುದೆಂದು ಮೊದಲೇ ತಿಳಿಸಿಬಿಡಿ. ದೊಡ್ಡ ಪ್ರಬಂಧಕ್ಕೆ ಒಂದೇ ದೀರ್ಘ ಗಡುವು ಕೊಡುವುದಕ್ಕಿಂತ ಅದನ್ನು ಮೂರು ನಾಲ್ಕು ಸಣ್ಣ ಭಾಗಗಳಾಗಿಸಿ ಪ್ರತಿಯೊಂದಕ್ಕೂ ದಿನಾಂಕ ಗೊತ್ತುಪಡಿಸುವುದು ಮೇಲು. ಆಶ್ರಯ ಕೋರಿದ ಅರ್ಜಿಯ ವಿಚಾರಣೆ ಪರೀಕ್ಷೆಯ ದಿನವೇ ಬರುವುದುಂಟು ಮತ್ತು ಆ ದಿನಾಂಕವನ್ನು ಬದಲಿಸುವುದು ವಿದ್ಯಾರ್ಥಿಯ ಕೈಯಲ್ಲಿರುವುದಿಲ್ಲವಾದ್ದರಿಂದ, ಮರುಪರೀಕ್ಷೆಯ ಅವಕಾಶ ಅಧ್ಯಾಪಕರ ದಾಕ್ಷಿಣ್ಯವಾಗಿರದೆ ಲಿಖಿತ ನಿಯಮವಾಗಿರಬೇಕು. ಹೊಸ ಭಾಷೆಯಲ್ಲಿ ತಡವರಿಸುವವರ ವಿಷಯಜ್ಞಾನವೂ ಅಷ್ಟೇ ದುರ್ಬಲವೆಂದು ಭಾವಿಸಬೇಡಿ. ಲೆಕ್ಕ, ನಕ್ಷೆ ಅಥವಾ ಮೌಖಿಕ ವಿವರಣೆಯ ಮೂಲಕ ತಮಗೆ ಗೊತ್ತಿರುವುದನ್ನು ತೋರಿಸುವ ದಾರಿಯನ್ನು ತೆರೆದಿಡಿ.

ಮಾನಸಿಕ ಆರೋಗ್ಯದ ಬಗ್ಗೆ ಎರಡು ಅತಿಗಳನ್ನು ತಪ್ಪಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಸಂಘರ್ಷಪೀಡಿತ ಪ್ರದೇಶಗಳಲ್ಲಿ ಸುಮಾರು ಶೇ 22ರಷ್ಟು ಜನರಲ್ಲಿ ಖಿನ್ನತೆ, ಆತಂಕ, ಆಘಾತೋತ್ತರ ಒತ್ತಡದಂಥ ತೊಂದರೆಗಳಿರುತ್ತವೆ. ಈ ಪ್ರಮಾಣ ಕಡಿಮೆಯೇನಲ್ಲ. ಆದರೂ ದುಃಖಿಸುವ ಪ್ರತಿಯೊಬ್ಬರೂ ರೋಗಿಗಳಲ್ಲ ಎಂಬುದೂ ಇದರಿಂದಲೇ ತಿಳಿಯುತ್ತದೆ. ಅದೇ ಸಂಸ್ಥೆ 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ನೋಡುವುದು, ಆಲಿಸುವುದು, ನೆರವಿನೊಂದಿಗೆ ಜೋಡಿಸುವುದು ಎಂಬ ಮೂರು ಹೆಜ್ಜೆಗಳನ್ನು ಸೂಚಿಸುತ್ತದೆ. ನಡೆದದ್ದನ್ನು ಹೇಳುವಂತೆ ಒತ್ತಾಯಿಸಬಾರದೆಂದೂ ಎಚ್ಚರಿಸುತ್ತದೆ. ಪ್ರವೇಶ ಕಚೇರಿ, ವಸತಿನಿಲಯ, ವಿದ್ಯಾರ್ಥಿವೇತನ ಸಮಿತಿ ಹೀಗೆ ಹೋದಲ್ಲೆಲ್ಲ ಅದೇ ಕಥೆಯನ್ನು ಹೊಸದಾಗಿ ಹೇಳಿಸುವುದು ಕ್ರೂರ. ಒಬ್ಬ ಸಿಬ್ಬಂದಿಯನ್ನು ಸಂಪರ್ಕಕ್ಕೆ ನೇಮಿಸಿ, ವಿದ್ಯಾರ್ಥಿಯ ಒಪ್ಪಿಗೆ ಪಡೆದು, ಅಗತ್ಯವಿರುವಷ್ಟು ಮಾಹಿತಿಯನ್ನು ಆ ಸಿಬ್ಬಂದಿಯೇ ಇತರರಿಗೆ ತಲುಪಿಸಲಿ. ಸಮಾರಂಭಗಳಲ್ಲಿ ವೇದಿಕೆ ಹತ್ತಿಸಿ ನೋವನ್ನು ಹೇಳಿಸುವ ಪದ್ಧತಿಯನ್ನಂತೂ ಪೂರ್ತಿ ಕೈಬಿಡಬೇಕು.

ವಾರಗಟ್ಟಲೆ ಊಟ ನಿದ್ರೆ ಬಿಟ್ಟಿದ್ದರೆ ತಜ್ಞರ ನೆರವು ಕೊಡಿಸಿ. ಸಾಯುವ ಮಾತು ಬಂದರೆ ಅದೇ ದಿನ ಕೊಡಿಸಿ, ಒಂಟಿಯಾಗಿ ಬಿಡಬೇಡಿ. ಅಲ್ಲಿ ಭಾಷಾಂತರಕ್ಕೆ ಅದೇ ಊರಿನ ಸಹಪಾಠಿಯನ್ನು ಕೂರಿಸುವುದು ಸರಿಯಲ್ಲ, ಏಕೆಂದರೆ ತಮ್ಮವರ ಮುಂದೆ ಹೇಳಲಾಗದ ಸಂಗತಿಗಳೇ ಹೆಚ್ಚಿರುತ್ತವೆ.

ಹಣದ ಒತ್ತಡವನ್ನು ಪ್ರತಿ ಸೆಮಿಸ್ಟರ್‌ನ ಆರಂಭದಲ್ಲಿ ವಿಚಾರಿಸಿ. ನಿರಾಶ್ರಿತರ ಉನ್ನತ ಶಿಕ್ಷಣಕ್ಕಾಗಿ 1992ರಿಂದ ನಡೆಯುತ್ತಿರುವ ಡಾಫಿ ವಿದ್ಯಾರ್ಥಿವೇತನದಂಥ ಯೋಜನೆಗಳ ಅರ್ಜಿಯ ಅವಧಿಯನ್ನು ಗಮನಿಸಿ ತಿಳಿಸಿ. ಇಷ್ಟಾದರೂ ಮತ್ತೊಮ್ಮೆ ಸ್ಥಳಾಂತರಗೊಂಡು ಓದನ್ನು ನಡುವೆ ಬಿಡಬೇಕಾಗಿ ಬಂದರೆ, ಅಲ್ಲಿಯವರೆಗಿನ ಅಂಕ ಮತ್ತು ಕ್ರೆಡಿಟ್‌ಗಳ ವಿವರವನ್ನು ಸಹಿ, ಮೊಹರಿನೊಂದಿಗೆ ಕೈಗೆ ಕೊಡಿ. ಅದರ ಸ್ಕ್ಯಾನ್ ಪ್ರತಿಯನ್ನು ವಿಶ್ವವಿದ್ಯಾಲಯದ ಖಾತೆಗಲ್ಲ, ಅವರ ಸ್ವಂತ ಇ-ಮೇಲ್‌ಗೆ ಕಳುಹಿಸಿ.